ಗಿರಿಜತ್ತೆ ಕೂರುತ್ತಿದ್ದ ಕಾಡು

ಕಾಫಿ ಹಣ್ಣಿನ ಸಿಪ್ಪೆ ಕೊಳೆಯುವ ಹುಳಿವಾಸನೆ ನಿಮಗೂ ಗೊತ್ತಿರಬಹುದು. ಚಳಿಗಾಲದಲ್ಲಿ ಊರಿಗೆ ಹೋಗುವಾಗ ಆನೇಮಹಲ್ ದಾಟುತ್ತಲೇ ಅದು ಬಸ್ಸಿನೊಳಕ್ಕೆ ನುಗ್ಗುತ್ತದೆ. ಉಳಿದವರು ಮೂಗರಳಿಸಿ ಖುಷಿಪಡುತ್ತಾರೆ. ನಾನು ಕಿಟಕಿ ಮುಚ್ಚುತ್ತೇನೆ. ಆ ವಾಸನೆಯ ಹಿಂದೆಯೇ ಗಿರಿಜತ್ತೆ ಬರುತ್ತಾಳೆ, ಅವಳ ಮುಖ ನೋಡುವ ಧೈರ್ಯ ನನಗೆ ಇವತ್ತಿಗೂ ಇಲ್ಲ.

ಗಿರಿಜತ್ತೆ ಅಪ್ಪನ ಕಡೇ ತಂಗಿ. ವನಗೂರಿನ ಹತ್ತಿರ ನಮ್ಮದೊಂದು ಚಿಕ್ಕ ಕಾಫಿ ತೋಟವಿತ್ತು, ಅದರ ಮೇಲ್ಗಡೆ ಊರವರ ದೇವರಕಾಡು. ತೊಂಬತ್ತರ ದಶಕದ ಆ ಚಳಿಗಾಲಗಳಲ್ಲಿ, ಹಣ್ಣು ಕುಯ್ಯುವ ಆಳುಗಳು ಬರುವ ಮೊದಲೇ ಅತ್ತೆ ನನ್ನನ್ನು ಎಬ್ಬಿಸಿ, ತಲೆಗೆ ಮಫ್ಲರ್ ಸುತ್ತಿ ಅಲ್ಲಿಗೆ ಕರೆದೊಯ್ಯುತ್ತಿದ್ದಳು. ಗಡಿಕಲ್ಲಿನ ಹತ್ತಿರ ಚಪ್ಪಲಿ ಬಿಡಬೇಕು. ಒಳಗೆ ಒಂದು ಕಡ್ಡಿ ಮುರಿಯಬಾರದು, ಮಾತಾಡಬಾರದು. ನಾನೋ ದಿನವಿಡೀ ವಟವಟ ಎಂದು ಮನೆಯವರ ತಲೆ ತಿನ್ನುತ್ತಿದ್ದವಳು. ಆದರೆ ಧೂಪದ ಮರದ ಬೇರಿನ ಮೇಲೆ ಅತ್ತೆಗೆ ಒರಗಿ ಕೂತರೆ ನನ್ನ ಬಾಯಿ ತಾನಾಗಿ ಮುಚ್ಚುತ್ತಿತ್ತು. ಎಲೆಯಿಂದ ಎಲೆಗೆ ಇಬ್ಬನಿ ತೊಟ್ಟಿಕ್ಕುತ್ತಿತ್ತು. ಮಂಗಟ್ಟೆ ಹಕ್ಕಿಯೊಂದು ಭಾರವಾಗಿ ರೆಕ್ಕೆ ಬೀಸುತ್ತ ಹಾದುಹೋಗುತ್ತಿತ್ತು. ಅತ್ತೆ ಕಣ್ಣು ಮುಚ್ಚಿ, ಅಲ್ಲಾಡದೆ ಕೂರುತ್ತಿದ್ದಳು. ಅವಳ ಉಸಿರಿನ ಲಯಕ್ಕೆ ನನ್ನ ಉಸಿರೂ ನಿಧಾನವಾಗುತ್ತಿತ್ತು. ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ, "ಇವತ್ತೇನ್ ಕೇಳುಸ್ತು ಪುಟ್ಟಿ?" ಎನ್ನುತ್ತಿದ್ದಳು. ನಾನು ಒಂದೊಂದಾಗಿ ಹೇಳುತ್ತಿದ್ದೆ. ಅಷ್ಟು ಗಮನವಿಟ್ಟು ನನ್ನ ಮಾತು ಕೇಳಿದವರು ಆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಮಗ್ಗೆ ಊರಿನ ಕಡೆಯಿಂದ ಅವಳಿಗೊಂದು ಸಂಬಂಧ ಬಂತು. ಹುಡುಗ ಬಂದು ನೋಡಿಕೊಂಡು ಹೋಗಿದ್ದ. ಹಿಂದೆ ಬಂದವರನ್ನೆಲ್ಲ ಬೇಡವೆಂದಿದ್ದ ಅತ್ತೆಗೆ ಈ ಸಲ ಮನಸ್ಸಾಗಿತ್ತು. ಕಣದಲ್ಲಿ ಕಾಫಿ ಹರವುವಾಗ ತನ್ನಷ್ಟಕ್ಕೇ ನಗುತ್ತಿದ್ದಳು. ಮಾತು ಮುಗಿಸಲೆಂದು ಹುಡುಗನ ತಾಯಿ ಮತ್ತು ಚಿಕ್ಕಮ್ಮ ಜೀಪಿನಲ್ಲಿ ಬಂದರು. ಅಪ್ಪ ತೋಟದಿಂದ ಇನ್ನೂ ಬಂದಿರಲಿಲ್ಲ, ಅಜ್ಜಿ ಒಳಗಿದ್ದಳು; ಜಗಲಿಯಲ್ಲಿ ಅವರ ಜೊತೆ ನಾನೊಬ್ಬಳೇ ಇದ್ದೆ.

"ನಿಮ್ಮತ್ತೆ ಹೆಂಗೆ, ಒಳ್ಳೇವ್ರಾ?" ಎಂದು ತಾಯಿ ತಮಾಷೆಗೆ ಕೇಳಿದರು. ನಾಲ್ಕು ಜನ ನಗುತ್ತಾರೆಂದರೆ ನನಗೆ ಮಂಗನಿಗೆ ಹೆಂಡ ಕುಡಿಸಿದಂತೆ. ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ, ಕಣ್ಣು ಮುಚ್ಚಿ, "ದಿನಾ ದೇವರಕಾಡಲ್ಲಿ ಹಿಂಗೆ ಕೂತ್ಕತಾಳೆ. ಕರುದ್ರೂ ಮಾತಾಡಲ್ಲ" ಎಂದೆ. ಇಬ್ಬರೂ ನಕ್ಕರು. ಆ ನಗು ನಿಲ್ಲಬಾರದೆಂದು ಮೈಯನ್ನೂ ತೂಗಿದೆ. ಅತ್ತೆ ಎಂದೂ ಹಾಗೆ ತೂಗಿದವಳಲ್ಲ. ಚಿಕ್ಕಮ್ಮ ಕಾಫಿ ಲೋಟ ಕೆಳಗಿಟ್ಟು, "ಮೈಮೇಲೆ ಏನಾದ್ರೂ ಬರ್ತೈತಾ ಮಗಾ?" ಎಂದು ಮೆಲ್ಲಗೆ ಕೇಳಿದರು. ನಾನು "ಹೂಂ" ಎಂದುಬಿಟ್ಟೆ. ತಿರುಗಿದರೆ ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಕೋಡುಬಳೆಯ ತಟ್ಟೆ ಹಿಡಿದು ನಿಂತಿದ್ದಳು.

ವಾರ ಕಳೆದು, ಜಾತಕ ಕೂಡಲಿಲ್ಲವೆಂದು ಹೇಳಿ ಕಳಿಸಿದರು. ಅಪ್ಪ ಜೋಯಿಸರನ್ನು ಬೈದರು, ಅಜ್ಜಿ ಹಣೆಬರಹವನ್ನು ಬೈದಳು. ನಿಜ ಗೊತ್ತಿದ್ದವರು ನಾವಿಬ್ಬರೇ. ಮರುದಿನವೂ ಅತ್ತೆ ನನ್ನನ್ನು ಎಬ್ಬಿಸಿದಳು, ಮಫ್ಲರ್ ಸುತ್ತಿದಳು. ಕಾಡಿನಲ್ಲಿ ಅವಳಿಗೆ ಒರಗಲು ನನ್ನಿಂದ ಆಗಲಿಲ್ಲ. ಮಾರು ದೂರ ಕೂತು ನೆಲ ನೋಡಿದೆ. ಹೊರಗೆ ಬಂದಾಗ ಅವಳು ಎಂದಿನಂತೆ ಕೇಳಿದಳು. "ಏನೂ ಇಲ್ಲ" ಎಂದೆ.

"ನಂಗೂ ಅಷ್ಟೇ ಕಣೇ. ನಡಿ, ಆಳುಗಳು ಬಂದ್ಬುಟ್ಟಿರ್ತಾರೆ."

ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಅವಳು ಬೈಯಲಿಲ್ಲ, ಯಾರಿಗೂ ಹೇಳಲಿಲ್ಲ. ಬೇರೆ ಯಾವ ಸಂಬಂಧಕ್ಕೂ ಒಪ್ಪಲಿಲ್ಲ. ನಾನು ಹಾಸ್ಟೆಲಿಗೆ ಹೋದಮೇಲೂ ಒಬ್ಬಳೇ ಕಾಡಿಗೆ ಹೋಗಿಬರುತ್ತಿದ್ದಳಂತೆ. ಹದಿನೈದಿಪ್ಪತ್ತು ವರ್ಷ ಆ ಮನೆಯ ಒಲೆ ಉರಿಸಿ, ಒಂದು ಮಾಗಿಯಲ್ಲಿ ಜ್ವರ ಬಂದು ತೀರಿಕೊಂಡಳು. ತಿಥಿಯ ಊಟದ ಪಂಕ್ತಿಯಲ್ಲಿ ಹೆಂಗಸರು, "ಪಾಪ, ಗಿರಿಜಂಗೆ ಜಾತಕನೇ ಸರಿ ಇರ್ಲಿಲ್ಲ" ಎಂದು ಲೊಚಗುಟ್ಟಿದರು. ಒಬ್ಬರು ನನ್ನ ಕಡೆ ತಿರುಗಿ, "ಅಲ್ವೇನೇ?" ಎಂದರು. ನಾನು ಮಗಳಿಗೆ ಅನ್ನ ತಿನ್ನಿಸುತ್ತಿದ್ದೆ. ಇನ್ನೊಂದು ತುತ್ತು ಕಲಸುತ್ತ, ಹೌದೆಂದು ತಲೆಯಾಡಿಸಿದೆ.