ಮುದ್ದೇಬಿಹಾಳ ಕಂಡ ಕೀಲಿಕೈ

ರೇಷ್ಮಾ, ದಾವಲ, ನಿಮ್ಮ ಅಜ್ಜ ಇದ್ದಾಗ ಇಂಡಿ ಪಟ್ಟಣದ ಆಚೆ ನಾನು ಅವರಿಲ್ಲದೆ ಹೋದವಳಲ್ಲ. ಈ ಬೇಸಿಗೆಯಲ್ಲಿ ಮುದ್ದೇಬಿಹಾಳಕ್ಕೆ ಹೋಗಿಬಂದೆ.

ನಮ್ಮೂರ ಗ್ರಂಥಾಲಯ ಬೆಳಿಗ್ಗೆ, ಸಂಜೆ ಮಾತ್ರ ತೆರೆದಿರುತ್ತದೆ. ಆಗ ಹೆಂಗಸರಿಗೆ ಒಲೆ ಬಿಟ್ಟು ಏಳಲಾಗುವುದಿಲ್ಲ. ಬಿಡುವಾಗುವ ಮಧ್ಯಾಹ್ನ ಅದಕ್ಕೆ ಬೀಗ. ಇಂಥ ಸಂಸ್ಥೆಗಳು ತಮ್ಮ ವಿಷಯ ತಾವೇ ತೀರ್ಮಾನಿಸಲೆಂದು ಸರಕಾರ ಹೊಸ ನೀತಿಯ ಕರಡು ಬರೆದಿತ್ತು. ಜನರ ಅಭಿಪ್ರಾಯ ಕೇಳುವ ಸಭೆ ಮುದ್ದೇಬಿಹಾಳದಲ್ಲಿ. ಓದು ಬರುತ್ತದೆಂದು ಊರ ಹೆಂಗಸರು ನನ್ನನ್ನು ಆರಿಸಿದರು. ನಾಲ್ಕು ಜನರ ಮುಂದೆ ನನ್ನ ನಾಲಿಗೆ ಏಳುವುದಿಲ್ಲವೆಂದು ನೆರೆಮನೆಯ ಗಂಗವ್ವನನ್ನೂ ಜೊತೆಗೆ ಕಳಿಸಿದರು.

ಇಂಡಿಯಲ್ಲಿ ಬೆಳಿಗ್ಗೆ ಆರೂವರೆಯ ಬಸ್ಸು ಹತ್ತಿದೆವು. ಹೆಂಗಸರಿಗೆ ಟಿಕೆಟ್ ಪುಕ್ಕಟೆ. ಸಿಂದಗಿಯಲ್ಲಿ ಇಳಿದು ಎಲೆಯಡಿಕೆಗೆಂದು ಸಂಚಿಗೆ ಕೈ ಹಾಕಿದರೆ ಗ್ರಂಥಾಲಯದ ಕೀಲಿಕೈ ಸಿಕ್ಕಿತು. ರಜೆಯ ಮೇಲೆ ಹೋದ ಗ್ರಂಥಪಾಲಕಿ ಅದನ್ನು ನನಗೆ ಒಪ್ಪಿಸಿದ್ದಳು. ಬೇರೆಯವರಿಗೆ ಕೊಟ್ಟು ಬರುವುದನ್ನು ಮರೆತಿದ್ದೆ. ಪರೀಕ್ಷೆಗೆ ಓದುವ ಹುಡುಗಿಯರು ಬಾಗಿಲಲ್ಲಿ ನಿಂತಿರುತ್ತಾರೆ.

"ತಿರುಗಿ ಹೋಗೂಣೇನ?" ಎಂದೆ.

"ನೀ ತಿರುಗಿ ಹೋದ್ರ ಸಭಾ ನಿನ್ನ ಬೆನ್ನ ಹತ್ತಿ ಬರತೈತೇನ, ಬೀಬಕ್ಕಾ? ಸುಮ್ನ ಬಸ್ ಹತ್ತ," ಎಂದಳು ಗಂಗವ್ವ.

ಹೂವಿನ ಹಿಪ್ಪರಗಿ ದಾಟುವಾಗ ಕಿಟಕಿಯಿಂದ ಬಿಸಿಗಾಳಿ ಮುಖಕ್ಕೆ ಹೊಡೆಯಿತು. ಬಸವನ ಬಾಗೇವಾಡಿಯಲ್ಲಿ ಮುಕ್ಕಾಲು ತಾಸು ಕಾದೆವು. ಗಂಗವ್ವ ಶೇಂಗಾ ಹಿಂಡಿಯ ಪುಡಿಚಟ್ನಿ ಹಚ್ಚಿ ಎರಡು ರೊಟ್ಟಿ ತಿಂದಳು. ನನ್ನದು ಒಂದೇ ಕೆಲಸ: ಕೂಡುವುದು, ಏಳುವುದು, ಸಂಚಿ ಮುಟ್ಟಿ ನೋಡುವುದು.

ಮುದ್ದೇಬಿಹಾಳದ ಸಭೆಯಲ್ಲಿ ಕರಡಿನ ಪ್ರತಿಗಳನ್ನು ಹಂಚಿದರು. ಅಧಿಕಾರಿ ಓದಿದರು: "ಸಂಸ್ಥೆಯು ತನ್ನ ವೇಳೆಯನ್ನು ತಾನೇ ನಿಗದಿಪಡಿಸಬಹುದು. ಮೇಲಧಿಕಾರಿಗಳ ಪೂರ್ವಾನುಮತಿ ಕಡ್ಡಾಯ."

ಗಂಗವ್ವ ಪಕ್ಕೆಗೆ ತಿವಿದಳು. ಎದ್ದು ನಿಂತೆ. ಬರೆದು ತಂದ ಅಕ್ಷರ ಒಂದೂ ಕಾಣಲಿಲ್ಲ. ಕೈಗೆ ಸಿಕ್ಕ ಕೀಲಿಕೈ ಮೇಜಿನ ಮೇಲಿಟ್ಟೆ.

"ಇದು ನಮ್ಮೂರ ಗ್ರಂಥಾಲಯದ್ರಿ. ಮರತ ತಂದೇನಿ. ನಾ ತಿರುಗಿ ಹೋಗೂತನಾ ಅಲ್ಲಿ ಬಾಗಲಾ ತೆರಿಯಂಗಿಲ್ಲ. ನೀವೂ ಹಿಂಗ ಕೀಲಿಕೈ ಇಟಗೊಂಡು ದೂರ ಕುಂದರಬ್ಯಾಡ್ರಿ."

ಹಿಂದೆ ಯಾರೋ ನಕ್ಕರು. ಅಧಿಕಾರಿ ನಗಲಿಲ್ಲ. "ಹಂಗಾರ ಏನಂತ ಬರೀಲಿ, ಯವ್ವಾ?"

"ಅನುಮತಿ ಬ್ಯಾಡ್ರಿ. ವ್ಯಾಳ್ಯಾ ನಾವು ಗೊತ್ತ ಮಾಡಿ ನಿಮಗ ತಿಳಸ್ತೇವಿ."

ಅವರು ಪೆನ್ಸಿಲಿನಿಂದ ತಿದ್ದಿದರು. "ಮ್ಯಾಲಿನವ್ರು ಇದನ್ನ ಹಂಗ ಉಳಸ್ತಾರಂತ ಮಾತ್ರ ನಾ ಹೇಳಾಕಾಗೂದಿಲ್ರಿ," ಎಂದರು.

ಕತ್ತಲಾಗುವ ಮುಂಚೆ ಊರು ಸೇರಿದೆವು. ಇಬ್ಬರು ಹುಡುಗಿಯರು ಗ್ರಂಥಾಲಯದ ಮೆಟ್ಟಿಲ ಮೇಲೆ ಕೂತೇ ಓದುತ್ತಿದ್ದರು. ಅವರಿಂದ ಬೈಸಿಕೊಂಡು ಬಾಗಿಲು ತೆರೆದೆ.

ನೀತಿ ಇನ್ನೂ ಹೊರಬಂದಿಲ್ಲ. ನನಗೆ ಸಿಕ್ಕ ಪ್ರತಿಯಲ್ಲೂ ಆ ಸಾಲನ್ನು ಹಾಗೆಯೇ ತಿದ್ದಿ, ಈ ಹಾಳೆಗಳ ಜೊತೆ ಹೊಲಿದಿದ್ದೇನೆ. ನೀತಿ ಬಂದ ದಿನ ಎರಡನ್ನೂ ಪಕ್ಕದಲ್ಲಿಟ್ಟು ನೋಡಿರಿ. ಅನುಮತಿ ಎಂದೇ ಇದ್ದರೆ, ಯಾಕೆಂದು ನೀವು ಹೋಗಿ ಕೇಳಿರಿ. ಅಲ್ಲಿಯತನಕ ಇವು ಇಲಿಯ ಬಾಯಿಗೆ ಬೀಳದಂತೆ ಕಾಯ್ದುಕೊಳ್ಳಿರಿ.