ಜಗಲಿಗೊಂದು ದೀಪ, ಅದರಡಿಗೊಂದು ಪ್ಲಗ್

ನನ್ನ ಹೆಂಡತಿ ಹೋದ ಮೇಲೆ ಜಗಲಿಯ ದೀಪ ಹಾಕಬೇಕೆಂಬುದು ಮನೆಯಲ್ಲಿ ಯಾರಿಗೂ ನೆನಪಾಗುತ್ತಿರಲಿಲ್ಲ. ಮುಂಬಯಿ ಹೊರವಲಯದ ಡೊಂಬಿವಲಿ ಪೂರ್ವದ ಹಳೆಯ ಹೌಸಿಂಗ್ ಸೊಸೈಟಿಯೊಂದರಲ್ಲಿ ನೆಲಮಹಡಿಯ ಫ್ಲ್ಯಾಟ್ ನಮ್ಮದು. ಬಾಗಿಲ ಮುಂದೆ ನಾಲ್ಕು ಜನ ಕೂರುವಷ್ಟು ಜಗಲಿ, ಅದಕ್ಕೊಂದು ಕಬ್ಬಿಣದ ಗ್ರಿಲ್. ಸಂಜೆಯಾದರೆ ಅವಳು ಒದ್ದೆ ಕೈ ಸೆರಗಿಗೆ ಒರೆಸುತ್ತ ಬಂದು ಸ್ವಿಚ್ ಒತ್ತಿ ಹೋಗುತ್ತಿದ್ದಳು. ಈಗ ನಾನು ಠಾಣೆಯ ಆಫೀಸು ಮುಗಿಸಿ ಲೋಕಲ್ ಹಿಡಿದು ಬಂದರೆ ಜಗಲಿ ಕತ್ತಲಾಗಿರುತ್ತಿತ್ತು. ಒಳಗೆ ಮಗಳು ಪುಸ್ತಕ ತೆರೆದುಕೊಂಡು ಕೂತಿರುತ್ತಿದ್ದಳು. ಅತ್ತೆ ಟಿವಿಯ ಎದುರು ಇರುತ್ತಿದ್ದರು, ಟಿವಿ ಆಫ್ ಆಗಿರುತ್ತಿತ್ತು. ಕತ್ತಲಲ್ಲಿ ಗ್ರಿಲ್‌ನ ಚಿಲಕ ತಡಕುವುದು ನನಗೆ ಕಷ್ಟವೆನಿಸುತ್ತಿರಲಿಲ್ಲ. ಏನೂ ಅನಿಸುತ್ತಿರಲಿಲ್ಲ.

ಅದು 2014ರ ಮಳೆಗಾಲ. ಡೆಂಗ್ಯೂ ಎಂದು ಆಸ್ಪತ್ರೆಗೆ ಸೇರಿಸಿ ವಾರ ತುಂಬುವುದರೊಳಗೆ ಅವಳು ಇಲ್ಲವಾದಳು. ನಾನು ಮೈಸೂರಿನ ಕಡೆಯವನು, ಅವಳು ಕರಾವಳಿಯವಳು. ಠಾಣೆಯಲ್ಲಿ ಒಂದೇ ಕಟ್ಟಡದ ಬೇರೆ ಬೇರೆ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದಾಗ ಪರಿಚಯವಾಗಿ ಮದುವೆಯಾದವರು ನಾವು. ಅತ್ತೆ ಇದ್ದದ್ದು ವಾಶಿಯಲ್ಲಿ, ಹೋಟೆಲ್ ನಡೆಸುವ ಮಗನ ಮನೆಯಲ್ಲಿ. ತಮ್ಮ ಮಗಳಿಗೆ ಜ್ವರವೆಂದು ಗಂಜಿ ಬೇಯಿಸಿ ಹಾಕಲು ಒಂದು ಬ್ಯಾಗ್ ಹಿಡಿದು ಬಂದವರು ನಮ್ಮಲ್ಲೇ ಉಳಿದಿದ್ದರು. ನನಗೂ ಅವರಿಗೂ ಅಲ್ಲಿಯತನಕ ಹೆಚ್ಚು ಮಾತಿರಲಿಲ್ಲ. ಮಾತೆಲ್ಲ ಅವಳ ಮೂಲಕವೇ ನಡೆಯುತ್ತಿತ್ತು.

ಅವಳು ತೀರಿಕೊಂಡ ದಿನ ಅತ್ತೆಯ ಆ ಮಗ, ನನ್ನ ಮೈದುನ, ಊರಿಗೆ ಹೋಗಿದ್ದ. ಮಳೆಗೆ ಕೊಂಕಣದ ರೈಲುಗಳು ತಡವಾಗಿ ಓಡುತ್ತಿದ್ದವು. ಅವನು ಬರುವವರೆಗೆ ಕಾಯಬೇಕಾಯಿತು. ಯಾರೋ ಶವ ಇಡುವ ಫ್ರಿಜ್ ಪೆಟ್ಟಿಗೆ ತರಿಸಿದರು. ಅದು ನಮ್ಮ ಬಾಗಿಲಲ್ಲಿ ತೂರದೆ ಜಗಲಿಯಲ್ಲೇ ಇಡಬೇಕಾಯಿತು. ಅಲ್ಲಿ ಪ್ಲಗ್ ಇರಲಿಲ್ಲ, ನಮ್ಮ ದೊಡ್ಡ ಪ್ಲಗ್ ಮನೆಯ ಹಿಂಬದಿಗಿದ್ದು ವೈರ್ ಅಲ್ಲಿಯವರೆಗೆ ಮುಟ್ಟಲಿಲ್ಲ. ಎದುರು ಮನೆಯವರ ಅಡುಗೆಮನೆಯ ಪ್ಲಗ್ಗಿನಿಂದ ವೈರ್ ಎಳೆದರು. ಆ ಪ್ಲಗ್ ಸಡಿಲವಾಗಿತ್ತು. ಪೆಟ್ಟಿಗೆಯ ಗುಂಯ್ ಸದ್ದು ಆಗಾಗ ನಿಲ್ಲುತ್ತಿತ್ತು, ಜನ ಅತ್ತಿತ್ತ ಓಡುತ್ತಿದ್ದರು. ಕೊನೆಗೆ ಅತ್ತೆ ಎದ್ದು ಹೋಗಿ ಎದುರು ಮನೆಯ ಅಡುಗೆಮನೆಯಲ್ಲಿ ಒಂದು ಸ್ಟೂಲ್ ಹಾಕಿಕೊಂಡು, ಆ ಪ್ಲಗ್ಗನ್ನು ಅಂಗೈಯಿಂದ ಒತ್ತಿ ಹಿಡಿದು ಕೂತರು. ಬೇರೆಯವರು ಹಿಡಿಯುತ್ತೇವೆಂದರೂ ಬಿಡಲಿಲ್ಲ. ಮಗ ಬರುವವರೆಗೆ ಅವರು ಮಗಳ ಮುಖದ ಹತ್ತಿರ ಕೂರಲಿಲ್ಲ, ಪ್ಲಗ್ಗಿನ ಹತ್ತಿರ ಕೂತರು. ನಾನು ಪೆಟ್ಟಿಗೆಯ ಪಕ್ಕದ ಕುರ್ಚಿಯಲ್ಲಿದ್ದೆ. ನನಗೆ ಆ ಸದ್ದೊಂದು ನೆನಪಿದೆ, ಯಾರು ಬಂದರು, ಏನು ಹೇಳಿದರು ನೆನಪಿಲ್ಲ.

ದೀಪದ ಮಾತು ತೆಗೆದವಳು ನನ್ನ ಮಗಳು. ಆಗಷ್ಟೇ ಕಾಲೇಜು ಸೇರಿದ್ದಳು. ಒಂದು ಸಂಜೆ ಕ್ಲಾಸಿನಿಂದ ಬರುವಾಗ ಜಗಲಿಯ ಮೆಟ್ಟಿಲು ಕಾಣದೆ ಎಡವಿ ಮಂಡಿ ತರಚಿಕೊಂಡಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ.

"ಪಪ್ಪಾ, ಸೆನ್ಸರ್‌ವಾಲಾ ಲೈಟ್ ಲಗಾ ದೋ ನಾ. ಕಿಸೀ ಕೋ ಯಾದ್ ನಹೀಂ ರಖ್‌ನಾ ಪಡೇಗಾ," ಎಂದಳು. ಯಾರೂ ನೆನಪಿಟ್ಟುಕೊಳ್ಳಬೇಕಾಗಿಲ್ಲ, ಜನ ಬಂದರೆ ತಾನೇ ಹತ್ತುತ್ತದೆ.

ಡೆಟ್ಟಾಲ್ ಹಚ್ಚುತ್ತಿದ್ದ ಅತ್ತೆ ತಲೆಯೆತ್ತದೆ ಹೇಳಿದರು, "ಹಾಕುದಾದ್ರೆ ಒಂದು ಪ್ಲಗ್ಗೂ ಹಾಕ್ಸಿ. ಹೊರಗೆ ಪ್ಲಗ್ ಬೇಕು."

ಮರುದಿನ ನಾನು ಸೊಸೈಟಿಯವರನ್ನು ಕೇಳಲು ಹೋದೆ.

ಸೊಸೈಟಿಯ ಸೆಕ್ರೆಟರಿ ಸಜ್ಜನರು. ಆದರೆ ಆ ವರ್ಷವೇ ಹೊರಗೋಡೆಗೆ ಬಣ್ಣ ಬಳಿಸಿದ್ದರಿಂದ ಹೊಸದಾಗಿ ಒಡೆದು ವೈರ್ ಹಾಯಿಸುವುದು ಬೇಡವೆಂದರು. "ಅಹೋ, ಜುನ್ಯಾ ಪಾಯಿಂಟ್‌ವರ್ ಕಾಯ್ ಪಣ್ ಲಾವಾ," ಎಂದು ಮರಾಠಿಯಲ್ಲಿ ದಾರಿಯನ್ನೂ ತೋರಿಸಿದರು. ಹಳೆಯ ದೀಪದ ಜಾಗ ಒಂದೇ, ಏನು ಹಾಕುವುದಿದ್ದರೂ ಅಲ್ಲಿಯೇ. ಹಾಗಾಗಿ ದೀಪದಲ್ಲೇ ಪ್ಲಗ್ ಇರುವಂಥದ್ದು ಬೇಕಾಯಿತು. ಡೊಂಬಿವಲಿಯ ಅಂಗಡಿಗಳಲ್ಲಿ ಅದು ಸಿಗಲಿಲ್ಲ. ಠಾಣೆಯ ನೌಪಾಡಾದಲ್ಲಿ ಒಂದು ದೊಡ್ಡ ಅಂಗಡಿಯಿದೆ ಎಂದು ಸಹೋದ್ಯೋಗಿಯೊಬ್ಬ ಹೇಳಿದ. ಭಾನುವಾರ ಹೊರಟಾಗ ಅತ್ತೆ ತಾವೂ ಬರುತ್ತೇನೆಂದು ಚಪ್ಪಲಿ ಮೆಟ್ಟಿದರು.

ಅಂಗಡಿಯವನು ಗಾಜಿನ ಮೇಜಿನ ಮೇಲೆ ದೀಪಗಳನ್ನು ಜೋಡಿಸಿದ. ಒಂದು ಬಿಳಿಯ ದುಂಡನೆಯದು, ಒಂದು ಲಾಂದ್ರದ ಹಾಗೆ, ಇನ್ನೊಂದು ಬಾಗಿಲ ಬೆಲ್ಲಿನ ಪೆಟ್ಟಿಗೆಯ ಹಾಗೆ. ಮೂರರ ಅಡಿಯಲ್ಲೂ ರಬ್ಬರ್ ಮುಚ್ಚಳದ ಪ್ಲಗ್ ಇತ್ತು. ಒಂದೊಂದನ್ನೂ ವೈರಿಗೆ ಸಿಕ್ಕಿಸಿ ಅದರ ಮುಂದೆ ಕೈ ಆಡಿಸಿದ. ದೀಪ ಹತ್ತಿತು, ಆರಿತು. ದೂರ ನೋಡುವ ಸೆನ್ಸರ್ ಯಾವುದರದು, ಮಳೆ ತಡೆಯುವುದು ಯಾವುದು, ಹಳದಿ ಬೆಳಕೋ ಬಿಳಿಯೋ ಎಂದು ಅವನು ವಿವರಿಸುತ್ತಿದ್ದ. ನಾನು ತಲೆಯಾಡಿಸುತ್ತಿದ್ದೆ. "ಬೋಲಿಯೇ ಸಾಹೇಬ್, ಕೌನ್‌ಸಾ?" ಯಾವುದು ಬೇಕೆಂದು ಕೇಳಿದ. ನನಗೆ ಮೂರೂ ಒಂದೇ ಥರ ಕಾಣುತ್ತಿದ್ದವು. ಆಗಿನ ದಿನಗಳಲ್ಲಿ ನನಗೆ ತರಕಾರಿಯನ್ನೂ ಆರಿಸಲಾಗುತ್ತಿರಲಿಲ್ಲ, ಮಾರುವವಳು ಹಾಕಿಕೊಟ್ಟದ್ದನ್ನು ತರುತ್ತಿದ್ದೆ.

"ಪ್ಲಗ್ ಪೇ ಕ್ಯಾ ಚಲಾಯೇಂಗೆ?" ಪ್ಲಗ್ಗಿನಲ್ಲಿ ಏನು ನಡೆಸುತ್ತೀರಿ ಎಂದು ಅವನು ಕೇಳಿದ.

"ಗ್ರೈಂಡರ್," ಎಂದರು ಅತ್ತೆ. ಆಮೇಲೆ ತಮ್ಮ ಹರಕು ಹಿಂದಿಯಲ್ಲಿ ಕೇಳಿದರು, "ಫ್ರಿಜ್ ಚಲ್ತಾ?"

ಹೊರಗೆ ಫ್ರಿಜ್ ಯಾರಿಡುತ್ತಾರೆ ಎನ್ನುವಂತೆ ಅವನು ನಕ್ಕ. "ಫ್ರಿಜ್ ಬಾಹರ್ ರಖೇಂಗೆ ಆಜಿ?"

ಅತ್ತೆ ನಗಲಿಲ್ಲ. "ಚಲ್ತಾ ಕಿ ನಹೀಂ, ವೋ ಬೋಲೋ."

ಅವನು ದುಂಡನೆಯದನ್ನು ತಿರುಗಿಸಿ ಹಿಂಬದಿಯ ಬರಹ ಓದಿ, ಇದರಲ್ಲಿ ನಡೆಯುತ್ತದೆ ಎಂದ. ಅತ್ತೆ ಅದರ ಪ್ಲಗ್ಗಿಗೆ ವೈರ್ ಸಿಕ್ಕಿಸಿ, ಎಳೆದು, ಮತ್ತೆ ಸಿಕ್ಕಿಸಿ ಅಲ್ಲಾಡಿಸಿ ನೋಡಿದರು. ಗಟ್ಟಿಯಾಗಿ ಹಿಡಿಯಿತು. "ಇದೇ ಇರ್ಲಿ," ಎಂದರು. ದೀಪದ ಬಣ್ಣವನ್ನು ಅವರು ನೋಡಲೇ ಇಲ್ಲ.

ಠಾಣೆ ಸ್ಟೇಷನ್ನಿನಲ್ಲಿ ಕಲ್ಯಾಣದ ಸ್ಲೋ ಲೋಕಲ್‌ಗೆ ಕಾಯುತ್ತ ಬೆಂಚಿನ ಮೇಲೆ ಕೂತೆವು. ದೀಪದ ಡಬ್ಬಿ ಅವರ ತೊಡೆಯ ಮೇಲಿತ್ತು. ನಾನು ಕೇಳಿದೆ, "ಅತ್ತೆ, ಪ್ಲಗ್ ಬೇಕು ಅಂದದ್ದು ಆವತ್ತಿನ ಪೆಟ್ಟಿಗೆಯಿಂದಾಗಿಯಾ?"

"ಹೌದು ಮತ್ತೆ. ಮುಂದಿನದ್ದು ನಂದೇ ಅಲ್ವಾ?" ಎಂದರು ಅವರು, ಸಂತೆಗೆ ಹೋಗುವ ಮಾತಿನಷ್ಟು ಸಲೀಸಾಗಿ. "ಅವಳ ಹೊತ್ತಿಗೆ ನಾನಿದ್ದೆ, ಹಿಡ್ಕೊಂಡೆ. ನನ್ನ ಹೊತ್ತಿಗೆ ಆ ಹುಡುಗಿ ಎದುರು ಮನೆಯಲ್ಲಿ ಪ್ಲಗ್ ಹಿಡ್ಕೊಂಡು ಕೂರುದು ಬೇಡ. ಓದುವ ಮಗು."

ಅದನ್ನು ಕೇಳಿ ನನಗೆ ಅಳು ಬರಬೇಕಿತ್ತು. ಬರಲಿಲ್ಲ. ಗಾಡಿ ಬಂತು, ಅವರನ್ನು ಹೆಂಗಸರ ಬೋಗಿಗೆ ಹತ್ತಿಸಿ ನಾನು ಪಕ್ಕದ ಬೋಗಿಗೆ ಹತ್ತಿದೆ. ಆದರೆ ಒಂದು ಸಂಗತಿ ಮನಸ್ಸಿಗೆ ಬಂತು. ವಾಶಿಯ ಮನೆಯಲ್ಲಲ್ಲ, ನಮ್ಮ ಜಗಲಿಯಲ್ಲಿ ಸಾಯುವುದಾಗಿ ಅವರು ಲೆಕ್ಕ ಹಾಕಿದ್ದರು.

ಎಲೆಕ್ಟ್ರಿಷಿಯನ್ ಬಂದು ದೀಪ ಹಾಕಿದ. ಅತ್ತೆ ವಾಶಿಯಿಂದ ತಮ್ಮ ಗ್ರೈಂಡರ್ ತರಿಸಿ ಜಗಲಿಯಲ್ಲಿಟ್ಟರು. ಒಳಗೆ ಸದ್ದಾದರೆ ಮಗಳ ಓದು ಕೆಡುತ್ತದೆಂದು ಅಲ್ಲಿಯೇ ದೋಸೆಗೆ ರುಬ್ಬುತ್ತಿದ್ದರು. ಸಂಜೆ ತೊಂಡೆಕಾಯಿ ಹೆಚ್ಚುತ್ತ ಕೂತಾಗ ಅಲುಗಾಟವಿಲ್ಲದೆ ದೀಪ ಆರಿದರೆ, ನೊಣ ಓಡಿಸಿದ ಹಾಗೆ ಚಾಕುವಿನ ಕೈಯನ್ನು ಒಮ್ಮೆ ಮೇಲೆತ್ತುತ್ತಿದ್ದರು. ಕಣ್ಣು ತೊಂಡೆಕಾಯಿಯ ಮೇಲೇ ಇರುತ್ತಿತ್ತು. ಎದುರು ಮನೆಯ ಮರಾಠಿ ಹೆಂಗಸು ಬಂದು ಕೂರತೊಡಗಿದಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ಅರ್ಧ ಬರುತ್ತಿತ್ತು. ನಾನು ಆಫೀಸಿನಿಂದ ಬಂದು ಅವರ ನಡುವೆ ದಾಟಿ ಒಳಗೆ ಹೋಗುತ್ತಿದ್ದೆ, ಬಡಿಸಿದ್ದನ್ನು ಉಣ್ಣುತ್ತಿದ್ದೆ. ರುಚಿ ತಿಳಿಯುತ್ತಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಮೈದುನ ಕಾರು ತೆಗೆದುಕೊಂಡು ಬಂದ. ತಾಯಿಯನ್ನು ಕರೆದೊಯ್ಯಲು ಬಂದಿದ್ದ. ಅವನ ಮಾತಿನಲ್ಲಿ ತಪ್ಪೇನಿರಲಿಲ್ಲ. ಅಳಿಯನ ಮನೆಯಲ್ಲಿ ಮಗಳೇ ಇಲ್ಲದ ಮೇಲೆ ಎಷ್ಟು ದಿನ ಎಂದು ನೆಂಟರು ಕೇಳುತ್ತಾರೆ, ಹೋಟೆಲಿನ ಕೆಲಸದ ನಡುವೆ ಓಡಾಡುವುದು ತನಗೂ ಕಷ್ಟ. "ಪೋಯಿ ಅಮ್ಮ," ಹೋಗೋಣ ಎಂದು ತುಳುವಿನಲ್ಲಿ ಹೇಳಿ, ಅವರ ಬ್ಯಾಗನ್ನು ತಾನೇ ಎತ್ತಿಕೊಂಡ. ಅದು ಗೋಡೆಯ ಪಕ್ಕ ತುಂಬಿಯೇ ಇರುತ್ತಿತ್ತು. ಇಷ್ಟು ತಿಂಗಳೂ ಅವರು ಅದರಿಂದಲೇ ಸೀರೆ ತೆಗೆದು ಉಟ್ಟು, ಒಗೆದು ಅದರಲ್ಲೇ ಇಡುತ್ತಿದ್ದರು.

ಅತ್ತೆ ಎದ್ದರು. ಮಗನ ಮುಖ ನೋಡಲಿಲ್ಲ, ನನ್ನ ಕಡೆ ತಿರುಗಿದರು.

"ನೀವು ಹೇಳಿ. ನಾನು ಹೋಗುದಾ, ಇರುದಾ?"

ಮಗಳು ಪುಸ್ತಕದಿಂದ ತಲೆಯೆತ್ತಿದಳು. ಬ್ಯಾಗ್ ಹಿಡಿದ ಮೈದುನನೂ ನನ್ನನ್ನೇ ನೋಡಿದ. ಎಂದಿನಂತೆ 'ನಿಮ್ಮಿಷ್ಟ' ಎಂದುಬಿಡಬಹುದಿತ್ತು. ಆ ಮಾತು ಬಾಯಿಯವರೆಗೆ ಬಂದಿತ್ತು.

"ಇರಿ," ಎಂದೆ. ನನ್ನ ದನಿ ನನಗೇ ಜೋರೆನಿಸಿತು. "ಇಲ್ಲೇ ಇರಿ ಅತ್ತೆ. ನಮಗೆ ನೀವು ಬೇಕು."

ಮೈದುನ ಬ್ಯಾಗನ್ನು ಕೆಳಗಿಟ್ಟ. "ಆಯ್ತು ಭಾವ," ಎಂದಷ್ಟೇ ಹೇಳಿದ. ಅವನಿಗೆ ಬೇಸರವಾಯಿತೋ ಹಗುರಾಯಿತೋ ನನಗೆ ಗೊತ್ತಾಗಲಿಲ್ಲ. ನೀರುದೋಸೆ ತಿಂದು, ನನ್ನ ಮಗಳ ಕೈಗೆ ಖರ್ಚಿಗೆ ಏನೋ ಕೊಟ್ಟು, ದಾರಿಯಲ್ಲಿ ಟ್ರಾಫಿಕ್ ಶುರುವಾಗುವ ಮೊದಲು ವಾಶಿ ಸೇರಬೇಕೆಂದು ಹೊರಟುಹೋದ.

ಮಧ್ಯಾಹ್ನ ಅತ್ತೆ ಬ್ಯಾಗಿನ ಸೀರೆಗಳನ್ನೆಲ್ಲ ಹಾಸಿಗೆಯ ಮೇಲೆ ಹರಡಿ ಮಡಿಸಿದರು. ಆಮೇಲೆ ನನ್ನನ್ನು ಕರೆದು, "ಕಪಾಟಿನ ಮೇಲಿನ ಹಲಗೆ ನನಗೆ ಎಟುಕುದಿಲ್ಲ. ಅವಳದ್ದನ್ನು ಸ್ವಲ್ಪ ಆಚೆ ಸರಿಸಿ ಕೊಡಿ," ಎಂದರು. ಆ ಕಪಾಟನ್ನು ನಾನು ಮುಟ್ಟಿರಲೇ ಇಲ್ಲ. ಬಾಗಿಲು ತೆರೆದು, ಅವಳ ಸೀರೆಗಳನ್ನು ಎರಡೂ ಕೈಯಿಂದ ಒಟ್ಟಿಗೆ ಹಿಡಿದು ಎಡಕ್ಕೆ ಸರಿಸಿದೆ. ಅತ್ತೆ ಒಂದೊಂದೇ ಸೀರೆ ಕೊಡುತ್ತ ಹೋದರು, ನಾನು ಇಡುತ್ತ ಹೋದೆ.