ರುಚಿ ನೋಡದ ಕೈ

ಮೀನಿನ ಡಬ್ಬಿಗೆ ಕೈ ಹಚ್ಚುವ ಮೊದಲು ಅಕ್ಕ ಕೊರಳಿನ ಬೆಳ್ಳಿ ಕರಡಿಗೆಯನ್ನು ಸರ್ರನೆ ಬೆನ್ನಿನ ಕಡೆಗೆ ತಿರುಗಿಸಿಕೊಳ್ಳುತ್ತಿದ್ದರು. ಒಳಗಿದ್ದ ಇಷ್ಟಲಿಂಗಕ್ಕೆ ಮೀನು ಕಾಣಬಾರದಂತೆ. ಕೆಲಸ ಮುಗಿಯುವ ತನಕ ಅದು ಅವರ ಎರಡು ಭುಜಗಳ ನಡುವೆ, ಸೆರಗಿನ ಕೆಳಗೆ ನಿಂಬೆಹಣ್ಣಿನಷ್ಟು ಉಬ್ಬಿಕೊಂಡು ಕಾಣುತ್ತಿತ್ತು. "ದೇವರಿಗೆ ಬೆನ್ನಾಗಿಂದ ಕಾಣಂಗಿಲ್ಲೇನ್ರಿ?" ಎಂದು ನಾನು ಕೆಣಕುತ್ತಿದ್ದೆ. "ಕಾಣ್ತದ. ನಾ ಮರ್ಯಾದಿ ಕೊಟ್ಟಂಗರ ಆಗ್ತದಲ್ಲ, ಸುಮ್ನಿರು" ಎನ್ನುತ್ತಿದ್ದರು.

ಹೊಸಪೇಟೆಯಲ್ಲಿ ಅವರದು ಕೆಳಗಿನ ಮನೆ. ಅವ್ವ ಮತ್ತು ನಾನು ಮೇಲಿನ ಮನೆಯ ಬಾಡಿಗೆದಾರರು. ವಯಸ್ಸಿನಲ್ಲಿ ಅವ್ವನ ಓರಗೆಯವರಾದರೂ ಇಡೀ ಓಣಿಗೆ ಅವರು ಅಕ್ಕ. ಚೋರನೂರಿನವರು. ಗಂಡ ತೀರಿಕೊಂಡ ಮೇಲೆ ವಡ್ಡು ಎಂಬ ಊರಿನ ಕಡೆಯ ಒಂದು ಕಾರ್ಖಾನೆಯ ಗೆಸ್ಟ್‌ಹೌಸಿನಲ್ಲಿ ರೊಟ್ಟಿ ಬಡಿಯಲು ಸೇರಿದರು. ದೊಡ್ಡ ಅಡುಗೆಯವನು ಹೇಳದೆ ಕೇಳದೆ ಕೆಲಸ ಬಿಟ್ಟು ಹೋದ ದಿನ ಅಡುಗೆಮನೆ ಪೂರ್ತಿ ಇವರ ತಲೆಗೇ ಬಿತ್ತು. ಯಂತ್ರ ಕೂಡಿಸಲು ಬಂದ ವಿದೇಶದ ಎಂಜಿನಿಯರುಗಳು ಸಾಲ್ಮನ್ ಮೀನಿನ ಸಲಾಡ್ ಕೇಳಿದರು. ಅಕ್ಕ ಅದನ್ನೂ ಕಲಿತರು. ನಿವೃತ್ತಿಯಾಗುವ ತನಕ ಮಾಡಿದರು. ಆದರೆ ಒಂದು ದಿನವೂ ಬಾಯಿಗಿಡಲಿಲ್ಲ. ಪರದೆಯ ಸಂದಿಯಿಂದ ಉಣ್ಣುವವರನ್ನು ನೋಡುತ್ತಿದ್ದರಂತೆ. "ಎರಡನೇ ಚಮಚಕ್ಕ ಕೈ ಜಲ್ದಿ ಹೋತಂದ್ರ ಪಾಸು. ತಡಾ ಆತಂದ್ರ ಫೇಲು."

ಅವರ ಸ್ವಂತ ಮನೆಯ ಹೊಸ್ತಿಲನ್ನು ಮಾತ್ರ ತತ್ತಿ ಕೂಡ ದಾಟಿರಲಿಲ್ಲ. "ಅದು ಡ್ಯೂಟಿ, ಇದು ಮನಿ." ಮೀನು ತಿನ್ನುವ ಮಂದಿಯೆಂದು ನಮ್ಮ ಮನೆಯಲ್ಲಿ ನೀರನ್ನೂ ಮುಟ್ಟುತ್ತಿರಲಿಲ್ಲ. ಬಂದಾಗಲೆಲ್ಲ, "ಈಗ ಕುಡದೇ ಬಂದೀನಿ" ಎನ್ನುವರು. ಮನುಷ್ಯರು ಇಷ್ಟು ಒಳ್ಳೆಯವರಾಗಿದ್ದೂ ಇದೇನು ಮಡಿ ಎಂದು ನನಗೆ ಮೈ ಉರಿಯುತ್ತಿತ್ತು. ಅವ್ವ ನಗುತ್ತಿದ್ದಳು. "ಇರ್ಲಿ ಬಿಡಲೇ, ಒಬ್ಬೊಬ್ಬರದು ಒಂದೊಂದು" ಎನ್ನುತ್ತಿದ್ದಳು.

ಅವ್ವನ ಹೊಟ್ಟೆಯಲ್ಲಿ ಕ್ಯಾನ್ಸರ್ ಇದೆಯೆಂದು ಗೊತ್ತಾದದ್ದು ಆ ಮನೆಗೆ ಹೋದ ಎರಡನೆಯ ವರ್ಷ. ಬಳ್ಳಾರಿಗೆ ಹೋಗಿ ಔಷಧಿ ಏರಿಸಿಕೊಂಡು ಬಂದರೆ ನಾಲ್ಕು ದಿನ ಅನ್ನದ ಹೆಸರೆತ್ತುವಂತಿಲ್ಲ. "ಏನ್ ತಿಂದ್ರೂ ಸಂಡೂರಿನ ಅದಿರು ನೆಕ್ಕಿದಂಗ ಆಗ್ತದ" ಎನ್ನುವಳು. ಕಂಪ್ಲಿಯ ಹೊಳೆದಂಡೆಯಲ್ಲಿ ಹುಟ್ಟಿ ಮೀನು ತಿಂದೇ ಬೆಳೆದವಳು, ಮೀನು ಕುದಿಯುವ ವಾಸನೆಗೇ ಬಚ್ಚಲಿಗೆ ಓಡುತ್ತಿದ್ದಳು. ಡಾಕ್ಟರು ಮಾತ್ರ ತೂಕ ಇಳಿಯಬಾರದು, ಹೇಗಾದರೂ ತಿನ್ನಿಸಿ ಎಂದು ನನ್ನನ್ನೇ ಗದರಿಸಿದರು. ಹೇಗೆ ತಿನ್ನಿಸಬೇಕೆಂದು ಹೇಳಲಿಲ್ಲ. ನಾನು ತಟ್ಟೆ ಹಿಡಿದು ಗೋಗರೆಯುತ್ತಿದ್ದೆ, ಬೈಯುತ್ತಿದ್ದೆ, ಅಡುಗೆಮನೆಗೆ ಹೋಗಿ ಅಳುತ್ತಿದ್ದೆ.

ಒಂದು ದಿನ ಅಕ್ಕ ಮೆಟ್ಟಿಲು ಹತ್ತಿ ಬಂದರು. "ಬಿಸೀದು ಒಲ್ಲೆಂದ್ರ ತಣ್ಣಂದು ಕೊಡಬೇಕವ್ವ. ಆ ಸಲಾಡಿಗೆ ವಾಸನಿ ಇರಂಗಿಲ್ಲ. ಡಬ್ಬಿ ತರಸು, ನಾ ಬಂದು ಮಾಡ್ತೀನಿ."

ಫೋನಿನಲ್ಲಿ ಆರ್ಡರ್ ಮಾಡಿದ ಸಾಲ್ಮನ್ ಮೀನಿನ ಡಬ್ಬಿ ಬಂತು. ಅಕ್ಕನಿಗೆ ಯಾಕೆ ತೊಂದರೆ ಎಂದು ಅರ್ಧ ಕೆಲಸ ನಾನೇ ಮಾಡಿಟ್ಟೆ. ಹೊಳೆಮೀನಿನ ಮನೆತನದವಳಲ್ಲವೇ, ಉಪ್ಪು ಅರಿಶಿನ ಹಚ್ಚಿ ಮೂರು ನೀರಿನಲ್ಲಿ ತಿಕ್ಕಿ ತೊಳೆದೆ. ಆಮೇಲೆ ಬೆಳಕಿಗೆ ಹಿಡಿದು ಒಂದೊಂದೇ ಮುಳ್ಳು ಹೆಕ್ಕುತ್ತ ಒಂದು ತಾಸು ಕುಳಿತೆ. ಅಕ್ಕ ಬಂದು ಬಟ್ಟಲು ನೋಡಿ ಹಣೆ ಹಣೆ ಬಡಿದುಕೊಂಡರು. "ಏ ಹುಚ್ಚಿ! ಬೆಂದ ಮೀನನ್ನ ಯಾರರ ತೊಳಿತಾರೇನ? ಮುಳ್ಳೂ ಮೆತ್ತಗ ಬೆಂದಿರ್ತಾವ, ಹಂಗ ಹಿಚುಕಿಬಿಡೋದು. ಸತ್ವ ಎಲ್ಲಾ ಬಚ್ಚಲಕ್ಕ ಹರಿಸೀದಿ!" ಒಳಗಿನ ಕೋಣೆಯಿಂದ ಅವ್ವ ನಕ್ಕದ್ದು ಕೇಳಿಸಿತು. ಎಷ್ಟೋ ವಾರಗಳ ಮೇಲೆ ನಕ್ಕಿದ್ದಳು.

ಎರಡನೆಯ ಡಬ್ಬಿಯಲ್ಲಿ ಅಕ್ಕ ಕಲಿಸಿದರು. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನಲ್ಲಿಗೆ ತೂಗಿಹಾಕಿ ನೀರಿಳಿಸಬೇಕು. ಅದಕ್ಕೆ ಹಾಲಿನ ಕೆನೆ ಸೇರಿಸಿ ಬೆಣ್ಣೆಯಂತಾಗುವ ತನಕ ತಿರುವಬೇಕು. ಸೌತೆಕಾಯಿಯ ಬೀಜ ತೆಗೆದು ಸಣ್ಣಗೆ ಹೆಚ್ಚಬೇಕು, ಈರುಳ್ಳಿಯನ್ನು ನೀರಿನಲ್ಲಿ ನೆನೆಸಿ ಖಾರ ಕಳೆಯಬೇಕು. ಮೀನನ್ನು ಬೆರಳ ತುದಿಯಲ್ಲಿ ಬಿಡಿಸಿ, ನಿಂಬೆಹುಳಿ, ಮೆಣಸಿನಪುಡಿ ಹಾಕಿ, ಮೇಲಿಂದ ಕೆಳಗೆ ಮಗುಚಬೇಕೇ ಹೊರತು ಕಲಸಬಾರದು. "ಕೂಸಿನ್ನ ಮಗ್ಗಲಾ ತಿರುಗಿಸಿದಂಗ" ಎಂದು ತೋರಿಸಿದರು. ಅರ್ಧ ತಾಸು ಫ್ರಿಜ್ಜಿನಲ್ಲಿಟ್ಟು, ಬಟ್ಟಲನ್ನು ಅವ್ವನ ಮುಂದೆ ಹಿಡಿದು ಅವಳ ಕೈಯನ್ನೇ ನೋಡುತ್ತ ನಿಂತರು. ಅವ್ವ ಎರಡನೆಯ ಚಮಚ ತೆಗೆದುಕೊಂಡಳು. ಮೂರನೆಯದನ್ನೂ. ನಾನು ಬಾಗಿಲ ಹಿಂದೆ ನಿಂತು ಬಾಯಿಗೆ ಸೆರಗು ಒತ್ತಿಕೊಂಡೆ.

ಎರಡು ತಿಂಗಳು ಅದೊಂದೇ ಅವ್ವನನ್ನು ಹಿಡಿದಿಟ್ಟಿತು. ಆಮೇಲೆ ಅದೂ ಸೇರಲಿಲ್ಲ. ತುಟಿ ಬಿಗಿದುಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದಳು. ಮೂರು ದಿನ ನೀರಿನ ಹೊರತು ಏನೂ ಇಳಿಯಲಿಲ್ಲ. ಮೂರನೆಯ ದಿನ ಅಕ್ಕ ಬಟ್ಟಲು ಹಿಡಿದು ಬಹಳ ಪೀಡಿಸಿದಾಗ ಅವ್ವನಿಗೆ ರೇಗಿತು.

"ನೀ ರುಚಿ ನೋಡಲಾರದ್ದು ನನಗ್ಯಾಕ ತುರುಕ್ತಿ? ಮೊದ್ಲು ನೀ ಒಂದು ಚಮಚ ತಿನ್ನು. ಆಮ್ಯಾಲ ನಾ ತಿಂತೀನಿ."

ಅಕ್ಕ ತಿನ್ನುವುದಿಲ್ಲ, ತನ್ನ ಪೀಡೆ ತಪ್ಪುತ್ತದೆ ಎಂಬ ಲೆಕ್ಕ ಅವ್ವನದು. ನನಗೂ ಹಾಗೆಯೇ ಅನಿಸಿತು. ಅಕ್ಕ ಬಟ್ಟಲನ್ನು ಮಂಚದ ಮೇಲಿಟ್ಟರು. ಕೈ ಹಿಂದಕ್ಕೆ ಹಾಕಿ ಕರಡಿಗೆಯನ್ನು ಎದೆಯ ಮೇಲೆ ತಂದುಕೊಂಡು ಎಡಗೈ ಮುಷ್ಟಿಯಲ್ಲಿ ಹಿಡಿದರು. ನಾನು "ಅಕ್ಕಾ, ಬ್ಯಾಡ್ರಿ" ಎನ್ನುವಷ್ಟರಲ್ಲಿ ಬಲಗೈಯ ಚಮಚ ಬಾಯಿಗೆ ಹೋಗಿತ್ತು. ಕಣ್ಣು ಮುಚ್ಚಿ ಅಗಿದರು. ನುಂಗಿದರು. ಕಣ್ಣು ಬಿಟ್ಟು ನನ್ನ ಕಡೆ ತಿರುಗಿ, "ಯವ್ವಾ, ಉಪ್ಪು ಭಾಳ ಕಡಿಮಿ ಐತಲ್ಲೇ! ಇಷ್ಟು ವರ್ಷ ಆ ಮಂದಿ ಟೇಬಲ್ಲಿನ ಉಪ್ಪು ಉದುರಿಸಿಕೊಂಡಾಗ ಅದು ಅವರ ಪದ್ಧತಿ ಅನ್ಕೊಂಡಿದ್ನಲ್ಲೋ ಶಿವನೇ" ಎಂದರು.

ಅವ್ವ ದಿಗಿಲುಬಿದ್ದು ಅವರನ್ನೇ ನೋಡುತ್ತಿದ್ದಳು. ಆಮೇಲೆ ಮರಿಹಕ್ಕಿಯ ಹಾಗೆ ಬಾಯಿ ತೆರೆದಳು. ಅಕ್ಕ ಉಪ್ಪು ಉದುರಿಸಿ ತಿನ್ನಿಸಿದರು. ಇಬ್ಬರ ಕಣ್ಣಲ್ಲೂ ನೀರು. ಬಟ್ಟಲು ಖಾಲಿಯಾಯಿತು.

ಪ್ರತಿ ಸೋಮವಾರ ಅಕ್ಕ ಹಂಪಿಗೆ ಹೋಗಿ ವಿರೂಪಾಕ್ಷನ ದರ್ಶನ ಮಾಡಿಬರುವರು. ಆ ಸೋಮವಾರ ಬೇಗ ವಾಪಸು ಬಂದರು. ಕೈಯಲ್ಲಿ ಪ್ರಸಾದ ಇರಲಿಲ್ಲ. "ಬಜಾರಿನ ಕಲ್ಲುಮಂಟಪದ ತನಕ ಹೋದೆ. ಒಳಗ ಕಾಲು ಬರಲಿಲ್ಲ. ಅಲ್ಲೇ ತಾಸೊತ್ತು ಕುಂತು ಬಂದೆ" ಎಂದರು.

ಅಕ್ಕ ರುಚಿ ನೋಡಿದ ಹನ್ನೆರಡು ದಿನಕ್ಕೆ ಅವ್ವ ಹೋಗಿಬಿಟ್ಟಳು. ಕೊನೆಯ ಸಂಜೆ ಅಕ್ಕ ಬಟ್ಟಲು ಹಿಡಿದು ಪಕ್ಕದಲ್ಲೇ ಕುಳಿತಿದ್ದರು. ಒಳಗಿಡ್ರಿ ಅಕ್ಕಾ ಎಂದರೆ, "ತಡಿ, ಇನ್ನೊಂದು ಸಲ ಕೇಳೂಣು" ಎನ್ನುತ್ತಿದ್ದರು. ಅವ್ವ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ದಿನಕರ್ಮಗಳೆಲ್ಲ ಮುಗಿದ ಮೇಲೆ ನಾನು ಅವರ ಕಾಲು ಹಿಡಿದು, ನಿಮ್ಮ ಋಣ ಹೆಂಗ ತೀರಸಲಿ ಎಂದೆ. ಅವರು ಕಾಲು ಎಳೆದುಕೊಂಡರು. "ನಾ ಏನು ಮಾಡಿದ್ನವ್ವ? ಮಾಡಬಾರದ್ದೂ ಮಾಡಿದೆ, ನಿಮ್ಮವ್ವ ಉಳೀಲಿಲ್ಲ. ಯಾರ ಮುಂದೂ ಹೇಳಬ್ಯಾಡ." ಅವರು ಕೊಟ್ಟ ಆ ಹನ್ನೆರಡು ದಿನ ನನಗೆ ಎಂಥವು ಎಂದು ಎಷ್ಟು ಹೇಳಿದರೂ ಅವರ ತಲೆಗೆ ಹೋಗಲೇ ಇಲ್ಲ.

ಹೋದ ಬೇಸಿಗೆಯಲ್ಲಿ ಅಕ್ಕ ಚೋರನೂರಿನ ತಮ್ಮನ ಮನೆಯಲ್ಲಿ ತೀರಿಕೊಂಡರು. ಸುದ್ದಿ ತಿಳಿದು ಹೋಗುವಷ್ಟರಲ್ಲಿ ಅವರನ್ನು ಕೂರಿಸಿ, ವಿಭೂತಿ ಹಚ್ಚಿ, ಹೂವಿನ ಹಾರ ಹಾಕಿದ್ದರು. ಹೊಲದ ಕುಣಿಯಲ್ಲಿ ಇಳಿಸಿ ಎಡ ಅಂಗೈ ಮೇಲೆ ಲಿಂಗವಿಟ್ಟರು. ನಾನೂ ಒಂದು ಹಿಡಿ ಮಣ್ಣು, ಒಂದು ಬಿಲ್ವಪತ್ರೆ ಹಾಕಿದೆ. ಎಲ್ಲ ಮುಗಿದು ಬೇವಿನ ಮರದ ಕೆಳಗೆ ಮಂದಿ ಕುಳಿತಾಗ ಅವರ ತಮ್ಮ ಕಣ್ಣೊರೆಸಿಕೊಳ್ಳುತ್ತ ಎಲ್ಲರಿಗೂ ಕೇಳುವಂತೆ ಹೇಳಿದ:

"ಹೊಟ್ಟಿಪಾಡಿಗೆ ಮೀನು ಕುಚ್ಚಿದ್ಲು ಖರೆ. ಆದ್ರ ಸಾಯೋತನಕ ಒಂದು ಚೂರು ನಾಲಿಗಿಗೆ ತಾಗಿಸಲಿಲ್ಲ ನಮ್ಮಕ್ಕ. ಅಂಥಾ ಶುದ್ಧ ಜೀವ."

ಎಲ್ಲರೂ ತಲೆಯಾಡಿಸಿದರು. ತಿಂದಿದ್ದರು, ನಮ್ಮವ್ವನ ಸಲುವಾಗಿ ತಿಂದಿದ್ದರು, ಅದಕ್ಕೇ ಶುದ್ಧ ಜೀವ ಎಂದು ಕೂಗಿ ಹೇಳಬೇಕೆನಿಸಿತು. ಆತ ನನ್ನ ಕಡೆಗೇ ತಿರುಗಿದ.

"ನೀವರ ಹೇಳ್ರಿ, ಅಷ್ಟು ವರ್ಷ ಮ್ಯಾಲಿನ ಮನ್ಯಾಗ ಇದ್ರಿ. ಖರೇ ಹೌದಲ್ಲ?"

"ಹೌದ್ರಿ" ಎಂದೆ.